ಒಂದು ಸಾಲು ಮೇಲೆ

ಅಬ್ದುಲ್ ಜಲೀಲನಿಗೆ ಸಹಿ ಹಾಕುವುದೇ ಉದ್ಯೋಗ. ಸೌದಿಯ ಜುಬೈಲಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಅವನು ಪರ್ಮಿಟ್ ಕೊಡುವವನು. ಯಾರಾದರೂ ಟ್ಯಾಂಕಿನೊಳಗೆ ಇಳಿಯಬೇಕೆಂದರೆ, ಪೈಪಿಗೆ ಬೆಂಕಿ ಹಿಡಿದು ಬೆಸುಗೆ ಹಾಕಬೇಕೆಂದರೆ, ಮೊದಲು ಅವನ ಮೇಜಿಗೆ ಬರಬೇಕು. ಒಳಗಿನ ಗಾಳಿಯನ್ನು ಪರೀಕ್ಷೆ ಮಾಡಿದ ಚೀಟಿ ನೋಡಿ, ದಿನಾಂಕ ನೋಡಿ, ಗಂಟೆ ನೋಡಿ, ಆಮೇಲೆ ಅವನು ಪೆನ್ನಿನ ಮುಚ್ಚಳ ತೆಗೆಯುವುದು. ದಿನಕ್ಕೆ ನಲವತ್ತೋ ಐವತ್ತೋ ಸಹಿ. ಅಂಥ ಮನುಷ್ಯ 2012ರ ಮಾರ್ಚ್ ತಿಂಗಳಲ್ಲಿ ಒಂದೇ ಒಂದು ಸಹಿ ಹಾಕಲಾರದೆ ಒಂಬತ್ತು ದಿನ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ತಿರುಗಿದ ಎಂದರೆ ನಗು ಬರಬಹುದು. ಅವನಿಗೆ ಬರಲಿಲ್ಲ.

ಕಾಗದ ಬಂದದ್ದು ಇಂಗ್ಲೆಂಡಿನಿಂದ, ಮಗನ ಇಮೇಲಿನಲ್ಲಿ. ಜಲೀಲನ ಹೆಂಡತಿ ಶಮೀರಾ ನರ್ಸು. ಜುಬೈಲಿನ ಆಸ್ಪತ್ರೆಯಲ್ಲಿದ್ದವಳು ಎಂಟು ವರ್ಷದ ಹಿಂದೆ ಕೆಲಸ ಸಿಕ್ಕಿ ಬ್ರಾಡ್‌ಫರ್ಡ್‌ಗೆ ಹೋದಳು, ಏಳು ವರ್ಷದ ಸುಹೈಲನನ್ನೂ ಕರೆದುಕೊಂಡು ಹೋದಳು. ಎರಡು ವರ್ಷದ ಹಿಂದೆ ತಾಯಿ ಮಗ ಇಬ್ಬರಿಗೂ ಅಲ್ಲಿಯ ಪೌರತ್ವ ಸಿಕ್ಕಿತು. ಜಲೀಲ ಇಲ್ಲೇ ಉಳಿದ. ಮೊದಲು ‘ಒಂದು ವರ್ಷ ನೋಡುವ’ ಎಂದ, ಆಮೇಲೆ ‘ಇನ್ನೊಂದು ವರ್ಷ’ ಎಂದ, ಆಮೇಲೆ ಯಾರೂ ಕೇಳುವುದನ್ನೇ ಬಿಟ್ಟರು. ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗಿ ಬರುತ್ತಾನೆ. ಮಗ ಪ್ರತಿ ಸಲ ಒಂದು ಗೇಣು ಉದ್ದವಾಗಿರುತ್ತಾನೆ, ಎರಡು ಗೇಣು ದೂರವಾಗಿರುತ್ತಾನೆ.

ಆ ಮಗ ಈಗ ಎರಡು ಸಾಲು ಬರೆದಿದ್ದ. ಉಪ್ಪಾ, ನಾನು ಸೈನ್ಯ ಸೇರಬೇಕು ಅಂತಿದ್ದೇನೆ. ನನಗೆ ಹದಿನೆಂಟು ಆಗದ ಕಾರಣ ನಿಮ್ಮ ಒಪ್ಪಿಗೆ ಬೇಕು, ಪ್ಲೀಸ್ ಸೈನ್ ಮಾಡಿ ಕಳಿಸಿ.

ಅಲ್ಲಿ ಹದಿನಾರು ತುಂಬಿದ ಮಕ್ಕಳನ್ನು ಸೈನ್ಯ ತೆಗೆದುಕೊಳ್ಳುತ್ತದೆ ಎಂಬುದೇ ಜಲೀಲನಿಗೆ ಗೊತ್ತಿರಲಿಲ್ಲ. ಹೆತ್ತವರು ಒಪ್ಪಿ ಸಹಿ ಹಾಕಿದರೆ ಆಯಿತು. ಹದಿನೆಂಟರವರೆಗೆ ಶಾಲೆಯ ಹಾಗೆ ತರಬೇತಿ ಕೊಡುತ್ತಾರೆ, ಯುದ್ಧಕ್ಕೆ ಕಳಿಸುವುದಿಲ್ಲ. ಹದಿನೆಂಟಾದ ಮೇಲೆ ಕಳಿಸುತ್ತಾರೆ. ಯುದ್ಧವೋ, ಹುಡುಕಿಕೊಂಡು ಹೋಗಬೇಕಾದ ಅಗತ್ಯವಿರಲಿಲ್ಲ. ಹತ್ತು ವರ್ಷದಿಂದ ಅಫ್ಘಾನಿಸ್ತಾನದಲ್ಲಿ ನಡೆಯುತ್ತಲೇ ಇತ್ತು. ಕೆಲಸಗಾರರ ಕ್ಯಾಂಪಿನ ಊಟದ ಕೋಣೆಯ ಟಿವಿಯಲ್ಲಿ ಬಾವುಟ ಹೊದೆಸಿದ ಪೆಟ್ಟಿಗೆಗಳು ವಿಮಾನದಿಂದ ಇಳಿಯುವುದನ್ನು ಜಲೀಲ ಕುಬ್ಬೂಸ್ ರೊಟ್ಟಿ ಮುರಿಯುತ್ತ ಎಷ್ಟೋ ಸಲ ನೋಡಿದ್ದ. ಅದು ಬೇರೆಯವರ ಸುದ್ದಿ ಎಂದುಕೊಂಡೇ ನೋಡಿದ್ದ.

ಮರುದಿನ ಮಧ್ಯಾಹ್ನ ಹೆಂಡತಿಗೆ ಫೋನ್ ಮಾಡಿದ.

“ನಾನು ಸೈನ್ ಹಾಕುವುದಿಲ್ಲ ಅಂತ ಹೇಳಿ ಆಗಿದೆ,” ಎಂದಳು ಶಮೀರಾ. “ಹಾಗಾದ್ರೆ ಉಪ್ಪನ ಹತ್ರ ಕೇಳ್ತೇನೆ ಅಂದ. ಒಬ್ಬರದ್ದು ಸಾಕಂತೆ.”

“ಅವನಿಗೆ ಎಂತ ಆಗಿದೆ ಮಾರಾಯ್ತಿ? ಪರೀಕ್ಷೆ ಬರೆದು ಕಾಲೇಜಿಗೆ ಹೋಗ್ಲಿಕ್ಕೆ ಏನು ಕಷ್ಟ?”

“ನನ್ನ ಹತ್ರ ಎಂತ ಹೇಳ್ತಾನೆ ಅವನು? ಬೆಳಿಗ್ಗೆ ಐದಕ್ಕೆ ಎದ್ದು ಓಡ್ತಾನೆ. ಬಾಗಿಲಿಗೆ ಕಬ್ಬಿಣದ ಸಲಾಕೆ ಹಾಕಿ ನೇತಾಡ್ತಾನೆ. ಕೇಳಿದ್ರೆ, ‘ನಿಮಗೆ ಅರ್ಥ ಆಗುದಿಲ್ಲ’.” ಅವಳು ದನಿ ತಗ್ಗಿಸಿದಳು. “ಅದಲ್ಲ ವಿಷಯ. ಅವರು ಬರ್ತ್ ಸರ್ಟಿಫಿಕೇಟ್ ಕೇಳಿದ್ದಾರೆ. ಒರಿಜಿನಲ್ಲು, ಜೊತೆಗೆ ಇಂಗ್ಲಿಷ್ ತರ್ಜುಮೆ. ಹೊರದೇಶದಲ್ಲಿ ಹುಟ್ಟಿದವ ಅಲ್ವಾ, ಪಾಸ್‌ಪೋರ್ಟ್ ಮಾತ್ರ ಸಾಕಾಗುದಿಲ್ಲ ಅಂತ.”

ಆ ಕಾಗದ ಜಲೀಲನ ಕಬ್ಬಿಣದ ಪೆಟ್ಟಿಗೆಯಲ್ಲೇ ಇತ್ತು.

“ಕೇಳ್ತಾ ಉಂಟಾ?” ಎಂದಳು ಶಮೀರಾ. “ನಿಮಗೂ ಗೊತ್ತುಂಟು, ನನಗೂ ಗೊತ್ತುಂಟು. ಅವನಿಗೆ ಹದಿನಾರು ಆಗ್ಲಿಲ್ಲ.”

ಅಂದಹಾಗೆ ಇಲ್ಲಿ ಹಿಂದಕ್ಕೆ ಹೋಗಿ ಒಂದು ವಿಷಯ ಹೇಳಲೇಬೇಕು, ಏಕೆಂದರೆ ಜಲೀಲನ ನಿದ್ದೆ ಕೆಡಿಸಿದ್ದು ಇದೇ. ಸುಹೈಲ ಹುಟ್ಟಿದ್ದು ಜುಬೈಲಿನಲ್ಲಿ, ಹಿಜರಿ 1417ರ ರಮದಾನ್ ಹದಿನೈದಕ್ಕೆ. ಇಲ್ಲಿಯ ಆಸ್ಪತ್ರೆ ಕೊಡುವ ಜನನ ಪತ್ರದಲ್ಲಿ ಅರಬಿಯಲ್ಲಿ ಹಿಜರಿ ತಾರೀಖು ಮಾತ್ರ ಇರುತ್ತಿತ್ತು. ಮಗುವಿಗೆ ಪಾಸ್‌ಪೋರ್ಟ್ ಮಾಡಿಸಬೇಕೆಂದರೆ ಟೈಪಿಂಗ್ ಅಂಗಡಿಗೆ ಹೋಗಿ ಇಂಗ್ಲಿಷಿಗೆ ತರ್ಜುಮೆ ಮಾಡಿಸಬೇಕು. ಉಳ್ಳಾಲದ ಅಬೂಬಕರ್ ಆಗ ಹೊಸದಾಗಿ ಅಂಗಡಿ ಹಾಕಿದ್ದ. ಮೇಜಿನ ಗಾಜಿನಡಿಯಲ್ಲಿ ಹಿಜರಿ ವರ್ಷಕ್ಕೆ ಇಂಗ್ಲಿಷ್ ವರ್ಷ ಹೊಂದಿಸುವ ಪಟ್ಟಿ ಇಟ್ಟುಕೊಂಡಿದ್ದ, ಬೆರಳಿಟ್ಟು ನೋಡಿ ಟೈಪ್ ಮಾಡುತ್ತಿದ್ದ. ಅವತ್ತು ಅಂಗಡಿಯಲ್ಲಿ ಜನ ಜಾಸ್ತಿ. ಅಬೂಬಕರನ ಬೆರಳು ಒಂದು ಸಾಲು ಮೇಲೆ ಹೋಯಿತು. 1997ರ ಜನವರಿ ಇಪ್ಪತ್ತನಾಲ್ಕು ಎಂದಾಗಬೇಕಿದ್ದದ್ದು 1996ರ ಫೆಬ್ರವರಿ ಐದು ಆಯಿತು. ಮಗು ಹುಟ್ಟಿದ ಎರಡೇ ತಿಂಗಳಿಗೆ ಕಾಗದದಲ್ಲಿ ಅದಕ್ಕೆ ಒಂದು ವರ್ಷ ದಾಟಿತು.

ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಜಲೀಲ ಆ ತಪ್ಪನ್ನು ನೋಡಿದ. ಸರಿಮಾಡಿಸಲು ರಿಯಾದಿನ ರಾಯಭಾರ ಕಚೇರಿಗೆ ಹೋಗಬೇಕು, ಎರಡು ದಿನದ ರಜೆ ಬೇಕು. ಫೋರ್‌ಮನ್ ಕೊಡಲಿಲ್ಲ. ಮುಂದಿನ ತಿಂಗಳು ನೋಡುವ ಎಂದ. ಆ ಮುಂದಿನ ತಿಂಗಳು ಮೂರು ವರ್ಷವಾದರೂ ಬರಲಿಲ್ಲ. ಅಷ್ಟರಲ್ಲಿ ಶಮೀರಾಳದ್ದು ಶಿಫ್ಟು, ಇವನದ್ದು ಪ್ಲಾಂಟು, ಮಗುವನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಎಲ್‌ಕೆಜಿಗೆ ಮೂರೂವರೆ ತುಂಬಿರಬೇಕು ಎಂದು ಶಾಲೆಯವರು ಹೇಳಿದಾಗ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಪಾಸ್‌ಪೋರ್ಟಿನ ಪ್ರಕಾರ ನಾಲ್ಕು ತುಂಬಿ ಆಗಿತ್ತು. “ಒಳ್ಳೆಯದೇ ಆಯ್ತಲ್ಲ,” ಎಂದದ್ದು ಜಲೀಲನೇ. “ಒಂದು ವರ್ಷ ತಾನೇ!” ಮೂರು ವರ್ಷ ಎರಡು ತಿಂಗಳ ಮಗು ಬೆನ್ನಿಗಿಂತ ದೊಡ್ಡ ಚೀಲ ಹೊತ್ತು ಶಾಲೆಯ ಬಸ್ಸು ಹತ್ತಿತು. ತಪ್ಪು ಅಬೂಬಕರನ ಬೆರಳಿನದ್ದು, ಸರಿ. ಆದರೆ ಅದನ್ನು ಕಂಡೂ ಕಾಣದ ಹಾಗೆ ಬಿಟ್ಟವನು, ಬೇಕಾದಾಗ ಬಳಸಿಕೊಂಡವನು ಜಲೀಲ. ಇದರಲ್ಲಿ ನಾನು ಅವನ ಪರ ವಹಿಸಿ ಮಾತಾಡುವವನಲ್ಲ.

ಈಗ ಫೋನಿನಲ್ಲಿ ಶಮೀರಾ ಅಳುವ ಹಂತಕ್ಕೆ ಬಂದಿದ್ದಳು.

“ಅವನ ಹತ್ರ ನಿಜ ಹೇಳಿದ್ರೆ ಎಲ್ಲ ಒಂದೇ ಸಲ ನಿಲ್ತದೆ. ಆದ್ರೆ ಪೌರತ್ವದ ಅರ್ಜಿಯಲ್ಲಿ ಆ ತಾರೀಖು ಬರೆದು, ಎಲ್ಲ ಸತ್ಯ ಅಂತ ಕೆಳಗೆ ಸೈನ್ ಹಾಕಿದವಳು ನಾನು. ನಾಳೆ ಯಾರಾದ್ರೂ ಕೇಳಿದ್ರೆ? ನನ್ನ ಕೆಲಸ ಹೋದ್ರೆ? ನನಗೆ ಹೆದರಿಕೆ ಆಗ್ತದೆ. ತಾರೀಖು ಮಾಡಿದವರು ನೀವು, ನೀವೇ ಎಂತಾದ್ರೂ ಮಾಡಿ.”

ಸಹಿ ಹಾಕುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಜಲೀಲ ಕೂಡ ಅದನ್ನು ಬಸ್ಸಿನಲ್ಲಿ ಹೋಗುವಾಗ ಬರುವಾಗ ನೂರು ಸಲ ಕೇಳಿಕೊಂಡ. ಆದರೆ ಎಂಟು ವರ್ಷದಲ್ಲಿ ಮಗ ಅವನ ಹತ್ತಿರ ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಫೋನ್ ಮಾಡಿದರೆ ‘ಫೈನ್ ಉಪ್ಪಾ’, ಏನು ಬೇಕು ಎಂದರೆ ‘ನಥಿಂಗ್ ಉಪ್ಪಾ’. ಆ ಹುಡುಗನಿಗೆ ಈಗ ಅಪ್ಪ ಬೇಕಾಗಿದ್ದ. ಬೇಕಾದದ್ದು ಅಪ್ಪನ ಸಹಿಯೇ ಇರಬಹುದು, ಆದರೂ ಬೇಕಾಗಿದ್ದ. ಇಲ್ಲ ಎಂದರೆ ಮತ್ತೆಂದೂ ಏನನ್ನೂ ಕೇಳಲಿಕ್ಕಿಲ್ಲ ಎಂಬ ಭಯ ಜಲೀಲನ ಎದೆಯಲ್ಲಿ ಕುಳಿತಿತ್ತು. ಹೂಂ ಎಂದರೆ ಆ ಟಿವಿಯ ಪೆಟ್ಟಿಗೆಗಳು ಕಣ್ಣ ಮುಂದೆ ಬರುತ್ತಿದ್ದವು.

ಒಪ್ಪಿಗೆ ಪತ್ರವನ್ನು ಪ್ರಿಂಟ್ ತೆಗೆದು ನಾಲ್ಕು ಮಡಿಕೆ ಮಾಡಿ ಕವರಾಲಿನ ಎದೆಯ ಜೇಬಿನಲ್ಲಿಟ್ಟುಕೊಂಡಿದ್ದ. ಬೆಳಿಗ್ಗೆ ಕ್ಯಾಂಪಿನಿಂದ ಹೊರಟ ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟು ಅವನದ್ದು. ಡ್ರೈವರ್ ಪಠಾಣ, ಅಫ್ಘಾನಿಸ್ತಾನದ ಕಡೆಯವನು. ಅವನ ಎದುರು ಆ ಕಾಗದ ಬಿಚ್ಚಲು ಜಲೀಲನಿಗೆ ಕೈ ಬರಲಿಲ್ಲ. ಹಿಂದಿನ ಸೀಟಿಗೆ ಹೋದ. ಅಲ್ಲೂ ಬಿಚ್ಚಲಿಲ್ಲ. ಕ್ಯಾಂಪಿನಲ್ಲಿ ಊಟದ ತಟ್ಟೆ ಹಿಡಿದು ಮೂರು ಮೇಜು ಬದಲಾಯಿಸಿದ. ವೀಸಾ ಕೊಟ್ಟ ಯಜಮಾನ ಕಫೀಲನ ‘ನೋ ಅಬ್ಜೆಕ್ಷನ್’ ಕಾಗದಕ್ಕಾಗಿ ಎಷ್ಟು ವರ್ಷ ಎಷ್ಟು ಬಾಗಿಲಲ್ಲಿ ನಿಂತಿದ್ದೆ, ಈಗ ನಾನೇ ಮಗನ ಕಫೀಲ ಆಗಿ ಕುಳಿತೆನಲ್ಲ ಎಂದು ಒಮ್ಮೆ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು.

ಆರನೆಯ ದಿನ ಸುಹೈಲನೇ ಫೋನ್ ಮಾಡಿದ.

“ಉಪ್ಪಾ, ಸೈನ್ ಮಾಡಿದ್ರಾ? ಮುಂದಿನ ಶುಕ್ರವಾರ ಲಾಸ್ಟ್ ಡೇಟ್.”

“ಮಗಾ, ಯಾಕೆ ಇಷ್ಟು ಅರ್ಜೆಂಟು? ಹದಿನೆಂಟು ಆಗ್ಲಿ...”

“ಉಪ್ಪಾ, ನೀವು ಊರು ಬಿಟ್ಟು ಬಾಂಬೆಗೆ ಹೋದಾಗ ನಿಮಗೆ ಎಷ್ಟು ವರ್ಷ?”

“ಹದಿನಾರು.”

“ಮತ್ತೆ?”

ಜಲೀಲ ಬಾಯಿಗೆ ಬಂದದ್ದನ್ನು ಹೇಳಿದ. “ಆಯ್ತು ಮಗಾ. ಸರ್ಟಿಫಿಕೇಟ್ ತರ್ಜುಮೆ ಮಾಡಿಸಿ, ಎಲ್ಲ ಒಟ್ಟಿಗೆ ಕಳಿಸ್ತೇನೆ.”

“ಥ್ಯಾಂಕ್ ಯು ಉಪ್ಪಾ! ನನಗೆ ಗೊತ್ತಿತ್ತು ನೀವು ಮಾಡ್ತೀರಿ ಅಂತ.” ಆ ದನಿಯಲ್ಲಿ ಅಷ್ಟು ಸಂತೋಷವನ್ನು ಜಲೀಲ ಯಾವಾಗ ಕೇಳಿದ್ದನೋ ನೆನಪಿಲ್ಲ. ಫೋನಿಟ್ಟ ಮೇಲೆ ಐದು ನಿಮಿಷ ಅವನಿಗೂ ಸಂತೋಷವಾಯಿತು. ಆರನೆಯ ನಿಮಿಷಕ್ಕೆ ಜೇಬಿನ ಕಾಗದ ತೆಗೆದು, ಬಿಚ್ಚದೆ ಮತ್ತೆ ಒಳಗಿಟ್ಟ.

ಮರುದಿನ ಬುಧವಾರ. ಮೇಜಿನ ಮುಂದೆ ಹುಸೈನ್ ಬಂದು ನಿಂತ. ಕಾಪುವಿನವನು, ಬೆಸುಗೆಯವರ ಫೋರ್‌ಮನ್, ಜಲೀಲನ ಜೊತೆ ಹತ್ತು ವರ್ಷ ಒಂದೇ ಕೋಣೆಯಲ್ಲಿದ್ದವನು. ಟ್ಯಾಂಕಿನೊಳಗೆ ನಾಲ್ಕು ಜನ ಇಳಿಯಬೇಕು, ಗಾಳಿ ಪರೀಕ್ಷೆಯ ಚೀಟಿ ಮಾತ್ರ ನಿನ್ನೆಯದ್ದು.

“ಪರೀಕ್ಷೆ ಮಾಡುವವ ಬರ್ಲಿಲ್ಲ ಮಾರಾಯ. ನಿನ್ನೆ ನೋಡಿದ್ದಲ್ವಾ, ಎಲ್ಲ ಸರಿ ಇತ್ತು. ಇದ್ರಲ್ಲೇ ಇವತ್ತಿನ ತಾರೀಖು ಮಾಡಿ ಒಂದು ಸೈನ್ ಹಾಕು. ಒಂದು ದಿನ ತಾನೇ!”

“ಒಂದು ದಿನ ತಾನೇ?” ಜಲೀಲ ಎದ್ದು ನಿಂತ. ಅವನ ದನಿ ಇಡೀ ಕಚೇರಿಗೆ ಕೇಳಿಸಿತು. “ನಾಲ್ಕು ಜನ ಒಳಗೆ ಹೋಗ್ತಾರೆ ಹುಸೈನ್! ಅವರು ತಾರೀಖು ನೋಡಿ ಹೋಗುದಿಲ್ಲ, ನನ್ನ ಸೈನ್ ನೋಡಿ ಹೋಗುದು. ಒಳಗೆ ಎಂತ ಉಂಟು ಅಂತ ನನಗೆ ಗೊತ್ತಿಲ್ಲದೆ, ಸುಳ್ಳು ತಾರೀಖಿಗೆ ನಾನು ಸೈನ್ ಹಾಕ್ಬೇಕಾ? ನಿನಗೆ ಮನುಷ್ಯತ್ವ ಉಂಟಾ?”

ಹುಸೈನ್ ಕಣ್ಣು ಪಿಳಿಪಿಳಿ ಬಿಟ್ಟ. “ಹಾಕದಿದ್ರೆ ಬೇಡ ಮಾರಾಯ. ಅದಕ್ಕೆ ಯಾಕೆ ಅಳ್ತಿ?”

ಜಲೀಲ ಕೆನ್ನೆ ಮುಟ್ಟಿ ನೋಡಿಕೊಂಡ. ಹೌದು, ಒದ್ದೆಯಾಗಿತ್ತು. ಬೇರೆಯವರ ನಾಲ್ಕು ಮಕ್ಕಳಿಗಾಗಿ ಇಷ್ಟು ಕೂಗುವ ಬಾಯಿ ಸ್ವಂತ ಮಗನಿಗೆ ‘ಆಯ್ತು’ ಎಂದಿತ್ತಲ್ಲ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಗುರುವಾರ ರಜೆ. ಬೆಳಿಗ್ಗೆ ಹತ್ತಕ್ಕೇ ಅಬೂಬಕರನ ಅಂಗಡಿಯಲ್ಲಿದ್ದ. ಗಾಜಿನಡಿಯ ಪಟ್ಟಿ ಎಂದೋ ಹೋಗಿ ಕಂಪ್ಯೂಟರ್ ಬಂದಿತ್ತು. ಅಬೂಬಕರನ ಗಡ್ಡ ಬೆಳ್ಳಗಾಗಿತ್ತು. ಜನನ ಪತ್ರ ನೋಡಿ, ಹಿಜರಿ ತಾರೀಖು ಒತ್ತಿದ. ಪರದೆಯ ಮೇಲೆ 1997 ಬಂತು. ಪಾಸ್‌ಪೋರ್ಟಿನ ಪ್ರತಿ ನೋಡಿದ. ಮತ್ತೆ ಪರದೆ ನೋಡಿದ.

“ಇದು ನಾನು ಮಾಡಿದ್ದಾ ಜಲೀಲಾಕ?”

“ಹೌದು.”

“ಯಾ ಅಲ್ಲಾ. ಇಷ್ಟು ವರ್ಷ ನೀವು ಹೇಳಲೇ ಇಲ್ಲ!” ಅಬೂಬಕರ್ ತಲೆ ಕೆರೆದುಕೊಂಡ, ನಾಚಿದ, ಆಮೇಲೆ ಗಿರಾಕಿಯ ಮುಖ ನೋಡಿ ದನಿ ತಗ್ಗಿಸಿದ. “ಈಗ ಎಂತ ಬರೀಲಿ? ಪಾಸ್‌ಪೋರ್ಟಿಗೆ ಮ್ಯಾಚ್ ಆಗ್ಬೇಕಲ್ಲ. ತೊಂಬತ್ತಾರು ಅಂತಲೇ ಬರೆದ್ರೆ ಯಾರಿಗೂ ತಲೆನೋವಿಲ್ಲ. ಅರಬಿ ಓದುವವ ಅಲ್ಲಿ ಯಾರಿದ್ದಾನೆ?”

ಯಾರಿಗೂ ತಲೆನೋವಿಲ್ಲ. ಮಗನಿಗೆ ಸೈನ್ಯ, ಹೆಂಡತಿಗೆ ನೆಮ್ಮದಿ, ಅಪ್ಪನಿಗೆ ಒಳ್ಳೆಯ ಹೆಸರು. ಜಲೀಲ ಅಂಗಡಿಯಿಂದ ಹೊರಗೆ ಬಂದ, ಬಿಸಿಲಿನಲ್ಲಿ ಬೀದಿಯ ಆ ತುದಿಯವರೆಗೆ ನಡೆದ, ತಿರುಗಿ ಬಂದ, ಮತ್ತೆ ನಡೆದ. ಕೊನೆಗೆ ಶಮೀರಾಳಿಗೆ ಫೋನ್ ಮಾಡಿದ.

“ತೊಂಬತ್ತೇಳು ಅಂತ ಬರೆಸ್ತೇನೆ,” ಎಂದ. “ತಪ್ಪು ನನ್ನದು, ಗೊತ್ತಿದ್ದೂ ಸರಿ ಮಾಡ್ಲಿಲ್ಲ ಅಂತ ಕಾಗದ ಬರೆದು ಜೊತೆಗೆ ಕಳಿಸ್ತೇನೆ. ನಿನಗೆ ಕಷ್ಟ ಆಗಬಹುದು. ನೀನು ಬೇಡ ಅಂದ್ರೆ...”

ಆ ಕಡೆ ಆಸ್ಪತ್ರೆಯ ಗಂಟೆ ಎಲ್ಲೋ ಹೊಡೆಯುತ್ತಿತ್ತು.

“ಬರೆಸಿ,” ಎಂದಳು ಶಮೀರಾ. “ಪೌರತ್ವದವರಿಗೆ ನಾನೇ ಬರೆದು ಹೇಳ್ತೇನೆ. ಬಂದದ್ದು ಬರಲಿ. ಆದ್ರೆ ಮಗನ ಹತ್ರ ನೀವು ಹೇಳ್ಬೇಕು. ನನ್ನಿಂದ ಆಗುದಿಲ್ಲ.”

ಶುಕ್ರವಾರ ಜುಮಾ ನಮಾಜು ಮುಗಿಸಿ ಜಲೀಲ ಸಮುದ್ರದ ದಂಡೆಗೆ ಹೋದ. ಬೆಂಚುಗಳು ಬೇಕಾದಷ್ಟಿದ್ದವು, ಅವನಿಂದ ಕೂರಲಾಗಲಿಲ್ಲ. ನಡೆಯುತ್ತಲೇ ನಂಬರ್ ಒತ್ತಿದ. ಇಂಗ್ಲೆಂಡಿನಲ್ಲಿ ಆಗಿನ್ನೂ ಬೆಳಿಗ್ಗೆ, ಮಗನಿಗೆ ಅವತ್ತು ಶಾಲೆಯಿರಲಿಲ್ಲ.

“ಕಳಿಸಿದ್ರಾ ಉಪ್ಪಾ?”

“ಮಗಾ, ಒಂದು ವಿಷಯ ಹೇಳ್ಲಿಕ್ಕುಂಟು. ಕೊನೇವರೆಗೆ ಕೇಳು.” ಅವನು ಹೇಳಿದ. ಅಬೂಬಕರನ ಬೆರಳು, ಗಾಜಿನಡಿಯ ಪಟ್ಟಿ, ಕೊಡದ ರಜೆ, ಎಲ್‌ಕೆಜಿ. ಯಾವುದನ್ನೂ ಮುಚ್ಚಿಡಲಿಲ್ಲ. “ನಿನಗೆ ಈಗ ಹದಿನೈದು. ಹದಿನೈದು ವರ್ಷ, ಎರಡು ತಿಂಗಳು. ನಾನು ಸೈನ್ ಹಾಕುದಿಲ್ಲ.”

“ಲೈ,” ಎಂದ ಸುಹೈಲ. “ನನ್ನನ್ನು ತಡೀಲಿಕ್ಕೆ ನೀವೂ ಉಮ್ಮನೂ ಸೇರಿ ಕಥೆ ಕಟ್ಟಿದ್ದೀರಿ. ಹೂಂ ಅಂತ ಹೇಳಿದ್ರಿ ನೀವು! ಬೇಡ ಅಂದ್ರೆ ಬೇಡ ಅಂತ ಹೇಳ್ಬೇಕಿತ್ತು!”

“ಜನನ ಪತ್ರದ ಫೋಟೋ ನಿನ್ನ ಇಮೇಲಿಗೆ ಹಾಕಿದ್ದೇನೆ. ಅರಬಿ ಅಂಕಿ ನಿನಗೆ ಮದ್ರಸಾದಲ್ಲಿ ಕಲಿಸಿದ್ದಾರಲ್ಲ. ನೀನೇ ಓದು, ನೀನೇ ಲೆಕ್ಕ ಹಾಕು.”

ಕೀಲಿಮಣೆಯ ಟಕಟಕ ಕೇಳಿಸಿತು. ಜಲೀಲ ನಡೆಯುವುದನ್ನು ನಿಲ್ಲಿಸಿದ. ಬೈಯಲಿ, ಫೋನು ಬಿಸಾಡಲಿ, ಇನ್ನೆಂದೂ ಮಾತಾಡಬೇಡಿ ಎನ್ನಲಿ, ಎಲ್ಲದಕ್ಕೂ ತಯಾರಾಗಿ ನಿಂತ. ಆದರೆ ಮಗ ಮಾತಾಡಿದಾಗ ಅದು ಬೇರೆಯೇ ದನಿಯಾಗಿತ್ತು.

“ಇಲ್ಲಿ ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕವ ನಾನು. ಪ್ರತಿ ವರ್ಷ. ಓಟದಲ್ಲಿ ಲಾಸ್ಟು, ಫುಟ್‌ಬಾಲಿಗೆ ಯಾರೂ ತಗೊಳ್ಳುದಿಲ್ಲ. ಒಂದು ಸಲ ನನ್ನನ್ನು ಎತ್ತಿ ಕಸದ ಡಬ್ಬಿಯೊಳಗೆ ನಿಲ್ಲಿಸಿದ್ರು. ನಾಲ್ಕು ಜನ ಅಲ್ಲ ಉಪ್ಪಾ, ಒಬ್ಬನೇ. ಒಬ್ಬನೇ ಎತ್ತಿದ. ನಾನು ಉಮ್ಮನ ಹತ್ರ ಹೇಳ್ಲಿಲ್ಲ.” ಅವನು ಮೂಗು ಎಳೆದುಕೊಂಡ. “ನನ್ನ ಮೈಯಲ್ಲೇ ಏನೋ ತಪ್ಪಿದೆ ಅಂದ್ಕೊಂಡಿದ್ದೆ. ಸೈನ್ಯಕ್ಕೆ ಹೋದ್ರೆ ಅವರು ಸರಿ ಮಾಡ್ತಾರೆ ಅಂತ.”

ತಾನು ‘ಒಂದು ವರ್ಷ ತಾನೇ’ ಎಂದದ್ದನ್ನು ಈ ಮಗು ಹನ್ನೆರಡು ವರ್ಷ ಹೊತ್ತು ತಿರುಗಿದೆ ಎಂದು ಜಲೀಲನಿಗೆ ಈಗ ಗೊತ್ತಾಯಿತು.

“ಉಪ್ಪಾ,” ಎಂದ ಸುಹೈಲ. “ಹಾಗಾದ್ರೆ ನಾನು ಕುಳ್ಳ ಅಲ್ವಾ?”

“ಅಲ್ಲ ಮಗಾ,” ಎಂದ ಜಲೀಲ. “ನೀನು ಕುಳ್ಳ ಅಲ್ಲ. ನೀನು ಸಣ್ಣವ.”

ಆ ಕಡೆಯಲ್ಲಿ ಹುಡುಗ ಬಿಕ್ಕಿ ಬಿಕ್ಕಿ ಅಳತೊಡಗಿದ. ಸುಮ್ಮನಾಗು ಎಂದು ಜಲೀಲ ಹೇಳಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದು, ಬೆಂಚಿನ ಮೇಲೆ ಕುಳಿತು, ಅವನ ಅಳು ಮುಗಿಯುವವರೆಗೂ ಕೇಳಿದ.